ಹಕ್ಕು ಸಮುದಾಯದ್ದೋ, ಅದರೊಳಗಿನ ವ್ಯಕ್ತಿಯದೋ?

ಕೆನಡಾದ ಟೋಬಿಕ್ ಎಂಬ ಮೂಲನಿವಾಸಿ ನೆಲೆಯ ಸಾಂಡ್ರಾ ಲವ್‌ಲೇಸ್ 1970ರಲ್ಲಿ ಹೊರಗಿನವರೊಬ್ಬರನ್ನು ಮದುವೆಯಾದರು. ಮೂಲನಿವಾಸಿಗಳ ಕುರಿತ ಆ ದೇಶದ ಇಂಡಿಯನ್ ಆಕ್ಟ್ ಪ್ರಕಾರ, ಮದುವೆಯಾದ ಕೂಡಲೇ ಅವರ ಮೂಲನಿವಾಸಿ ಸ್ಥಾನ ರದ್ದಾಯಿತು. ಮದುವೆ ಮುರಿದ ಮೇಲೂ ತಮ್ಮ ನೆಲೆಗೆ ಮರಳಿ ವಾಸಿಸುವ ಹಕ್ಕು ಅವರಿಗೆ ಉಳಿದಿರಲಿಲ್ಲ. ಅದೇ ಬುಡಕಟ್ಟಿನ ಗಂಡಸು ಹೊರಗಿನವಳನ್ನು ಮದುವೆಯಾದರೆ ಅವನ ಸ್ಥಾನ ಹಾಗೇ ಇರುತ್ತಿತ್ತು, ಹೆಂಡತಿಗೂ ಅದು ಸಿಗುತ್ತಿತ್ತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1981ರಲ್ಲಿ ಲವ್‌ಲೇಸ್ ಅವರ ಪರವಾಗಿ ಅಭಿಪ್ರಾಯ ನೀಡಿತು. 1985ರಲ್ಲಿ ಕೆನಡಾ ಕಾನೂನನ್ನು ತಿದ್ದಿತು.

ಸಮಿತಿಯ ಅಭಿಪ್ರಾಯಕ್ಕೆ ಮೂರು ವರ್ಷ ಹಿಂದೆ, 1978ರಲ್ಲಿ, ಇಂಥದ್ದೇ ದೂರು ಅಮೆರಿಕದ ಸುಪ್ರೀಂ ಕೋರ್ಟಿನ ಮುಂದಿತ್ತು. ಸಾಂಟಾ ಕ್ಲಾರಾ ಪ್ಯೂಬ್ಲೊ ಎಂಬ ಬುಡಕಟ್ಟು 1939ರಲ್ಲಿ ಒಂದು ನಿಯಮ ಮಾಡಿಕೊಂಡಿತ್ತು: ಹೊರಗಿನವಳನ್ನು ಮದುವೆಯಾದ ಗಂಡಸಿನ ಮಕ್ಕಳು ಬುಡಕಟ್ಟಿನ ಸದಸ್ಯರು, ಹೊರಗಿನವನನ್ನು ಮದುವೆಯಾದ ಹೆಂಗಸಿನ ಮಕ್ಕಳು ಅಲ್ಲ. ಜೂಲಿಯಾ ಮಾರ್ಟಿನೆಝ್ ಇದನ್ನು ಪ್ರಶ್ನಿಸಿ ಸೋತರು. ನಿಯಮ ನ್ಯಾಯವೋ ಅನ್ಯಾಯವೋ ಎಂಬ ವಿಚಾರಕ್ಕೇ ಕೋರ್ಟ್ ಕೈಹಾಕಲಿಲ್ಲ. ಬುಡಕಟ್ಟಿನ ಸದಸ್ಯರು ಯಾರು ಎಂಬುದು ಅದರ ಸ್ವಯಮಾಡಳಿತಕ್ಕೆ ಬಿಟ್ಟದ್ದು, ಅದರಲ್ಲಿ ಫೆಡರಲ್ ನ್ಯಾಯಾಲಯ ಹೀಗೆ ತಲೆಹಾಕುವಂತಿಲ್ಲ ಎಂದಿತು.

ಇಬ್ಬರಿಗೂ ಆದ ನೋವು ಒಂದೇ ಬಗೆಯದು, ಸಿಕ್ಕ ಉತ್ತರ ಮಾತ್ರ ತದ್ವಿರುದ್ಧ. ಕೆನಡಾದಲ್ಲಿ ನಿಯಮ ಮಾಡಿದ್ದು ಸರ್ಕಾರ. ಅಮೆರಿಕದಲ್ಲಿ ನಿಯಮ ಮಾಡಿದ್ದು ಬುಡಕಟ್ಟೇ. ಧರ್ಮ, ಜಾತಿ, ಭಾಷೆ, ಬುಡಕಟ್ಟಿನ ಹೆಸರಿನಲ್ಲಿ ರಾಜಕೀಯ ಬಿಸಿಯೇರಿದಾಗಲೆಲ್ಲ ‘ಸಮುದಾಯದ ಹಕ್ಕು’, ‘ವ್ಯಕ್ತಿಯ ಸ್ವಾತಂತ್ರ್ಯ’ ಎಂಬ ಎರಡು ಮಾತು ಎದುರುಬದುರು ನಿಲ್ಲುತ್ತವೆ. ಮೊದಲನೆಯದರಲ್ಲಿ ಬೇರೆಬೇರೆ ಸಂಗತಿಗಳು ಸೇರಿಕೊಂಡಿವೆ. ಅವನ್ನು ಬಿಡಿಸಿ ನೋಡಿದರೆ ಜಗಳ ನಿಜವಾಗಿ ಎಲ್ಲಿದೆ ಎಂಬುದು ಸಿಗುತ್ತದೆ.

## ಒಂದೇ ಹೆಸರಿನ ಮೂರು ಹಕ್ಕುಗಳು

ಮೊದಲನೆಯದು, ಒಬ್ಬೊಬ್ಬರಿಗೂ ಇರುವ ಹಕ್ಕನ್ನು ಹಲವರು ಕೂಡಿ ಚಲಾಯಿಸುವುದು. ಪೂಜೆ, ಪ್ರಾರ್ಥನೆ, ಸಂಘ ಕಟ್ಟುವುದು, ಮೆರವಣಿಗೆ ಇವೆಲ್ಲ ಈ ಬಗೆ. ಭಾರತ ಸಂವಿಧಾನದ 25ನೇ ವಿಧಿ ಧರ್ಮಾಚರಣೆಯ ಸ್ವಾತಂತ್ರ್ಯವನ್ನು ಕೊಡುವುದು ಎಲ್ಲ ವ್ಯಕ್ತಿಗಳಿಗೆ. ಇಲ್ಲಿ ಗುಂಪಿಗೆ ತನ್ನದೇ ಆದ ಬೇರೆ ಅಧಿಕಾರವೇನೂ ಇಲ್ಲ.

ಎರಡನೆಯದು, ಒಂದು ಗುಂಪಿಗೆ ಸೇರಿದ ಕಾರಣಕ್ಕೆ ವ್ಯಕ್ತಿಗೆ ಸಿಗುವ ಹಕ್ಕು. ಮೀಸಲಾತಿಯ ಸೀಟು ಅಥವಾ ಹುದ್ದೆ ಇದಕ್ಕೆ ಉದಾಹರಣೆ. ಅರ್ಹತೆ ಗುಂಪಿನಿಂದ ಬಂದರೂ ಸೀಟು ಸಿಗುವುದು ಒಬ್ಬ ವಿದ್ಯಾರ್ಥಿಗೆ, ಪ್ರಮಾಣಪತ್ರ ಇರುವುದು ಒಬ್ಬರ ಹೆಸರಿನಲ್ಲಿ.

ಮೂರನೆಯದು, ಗುಂಪು ಒಂದು ಸಂಸ್ಥೆಯಾಗಿ ತಾನೇ ಹೊಂದಿರುವ ಹಕ್ಕು: ಭೂಮಿ ಇಟ್ಟುಕೊಳ್ಳುವುದು, ಶಾಲೆ ನಡೆಸುವುದು, ಸದಸ್ಯರು ಯಾರೆಂದು ತೀರ್ಮಾನಿಸುವುದು, ತಪ್ಪಿದವರನ್ನು ಹೊರಹಾಕುವುದು. 26ನೇ ವಿಧಿ ಧಾರ್ಮಿಕ ಪಂಗಡಗಳಿಗೆ ತಮ್ಮ ಧಾರ್ಮಿಕ ವ್ಯವಹಾರಗಳನ್ನು ತಾವೇ ನಡೆಸುವ ಹಕ್ಕು ಕೊಡುತ್ತದೆ. 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ.

ವ್ಯಕ್ತಿ ಸ್ವಾತಂತ್ರ್ಯದ ಜೊತೆಗಿನ ಅತಿ ಕಠಿಣ ಘರ್ಷಣೆಗಳು ಹುಟ್ಟುವುದು ಈ ಮೂರನೆಯ ಬಗೆಯಿಂದ. ಎರಡನೆಯದು ಎಬ್ಬಿಸುವ ಪ್ರಶ್ನೆ ಬೇರೆ, ಅದು ಮುಖ್ಯವಾಗಿ ಗುಂಪಿನ ಒಳಗಿನವರ ಮತ್ತು ಹೊರಗಿನವರ ನಡುವಿನ ಸಮಾನತೆಯ ಪ್ರಶ್ನೆ. ಎರಡನ್ನೂ ‘ಅಸ್ಮಿತೆ ರಾಜಕಾರಣ’ ಎಂಬ ಒಂದೇ ಹೆಸರಿನಿಂದ ಕರೆದರೆ ಮೀಸಲಾತಿಯ ಚರ್ಚೆ ಬಹಿಷ್ಕಾರದ ಚರ್ಚೆಯೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಎರಡೂ ಬಗೆಹರಿಯುವುದಿಲ್ಲ.

## ಗುಂಪುಗಳಿಗೆ ಹಕ್ಕು ಏಕೆ ಬೇಕು?

ಎಲ್ಲರನ್ನೂ ಬಿಡಿ ವ್ಯಕ್ತಿಗಳಾಗಿಯೇ ಕಂಡರೆ ಸಾಲದೇ? ಈ ವಾದಕ್ಕೆ ದೊಡ್ಡ ಇತಿಹಾಸವಿದೆ. 1789ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ಕ್ಲೆರ್ಮೋಂ-ಟೊನೇರ್ ಮಂಡಿಸಿದ ನಿಲುವು ಇದೇ: ಯಹೂದಿಗಳಿಗೆ ಒಂದು ಪ್ರತ್ಯೇಕ ಜನಾಂಗವಾಗಿ ಏನನ್ನೂ ಕೊಡಬಾರದು, ವ್ಯಕ್ತಿಗಳಾಗಿ ಎಲ್ಲವನ್ನೂ ಕೊಡಬೇಕು. ಭಾರತದಲ್ಲಿ ಬಿ.ಆರ್. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸುತ್ತ, ಅದು ಹಳ್ಳಿಯನ್ನು ಕೈಬಿಟ್ಟು ವ್ಯಕ್ತಿಯನ್ನೇ ಘಟಕವಾಗಿ ಸ್ವೀಕರಿಸಿದೆ ಎಂದು ಸಂತೋಷ ವ್ಯಕ್ತಪಡಿಸಿದರು.

ಹಾಗಿದ್ದರೂ ಅದೇ ಸಂವಿಧಾನದಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಮೀಸಲು ಕ್ಷೇತ್ರಗಳಿವೆ. ಇದರಲ್ಲಿ ವಿರೋಧಾಭಾಸ ಕಾಣುವವರಿದ್ದಾರೆ, ನಿಜದಲ್ಲಿ ಅದು ಇಲ್ಲ. ಒಬ್ಬನನ್ನು ಬಾವಿಯ ಹತ್ತಿರ ಬರಗೊಡದವರು ಅವನ ಗುಣಾವಗುಣ ನೋಡಿ ತಡೆದಿರಲಿಲ್ಲ, ಜಾತಿ ನೋಡಿ ತಡೆದಿದ್ದರು. ಗುಂಪಿನ ಹೆಸರಿನಲ್ಲಿ ಆದ ಅನ್ಯಾಯವನ್ನು ಸರಿಪಡಿಸುವ ಕಾನೂನು ಗುಂಪಿನ ಹೆಸರನ್ನೇ ಹೇಳದೆ ಇರಲು ಸಾಧ್ಯವಿಲ್ಲ. ಅಲ್ಲಿ ಗುಂಪು ಅಳತೆಗೋಲು, ಗುರಿ ವ್ಯಕ್ತಿಯೇ.

ಇನ್ನೊಂದು ಕಾರಣವೂ ಇದೆ. ಸರ್ಕಾರ ಧರ್ಮದ ವಿಷಯದಲ್ಲಿ ತಟಸ್ಥವಾಗಿರಬಹುದು, ಭಾಷೆಯ ವಿಷಯದಲ್ಲಿ ಅದು ಆಗದ ಮಾತು. ಕಚೇರಿ, ನ್ಯಾಯಾಲಯ, ಶಾಲೆ ಯಾವುದಾದರೂ ಒಂದು ಭಾಷೆಯಲ್ಲಿ ನಡೆಯಲೇಬೇಕು. ಬಹುಸಂಖ್ಯಾತರ ಭಾಷೆ, ರಜೆಯ ದಿನ, ಪಠ್ಯಗಳು ಯಾವ ವಿಶೇಷ ಹಕ್ಕೂ ಇಲ್ಲದೆ ತಾವಾಗಿ ಉಳಿಯುತ್ತವೆ, ಏಕೆಂದರೆ ಪ್ರತಿ ಮತದಾನದಲ್ಲೂ ಅವರದೇ ಗೆಲುವು. ಚಿಕ್ಕ ಗುಂಪು ಅದನ್ನೇ ಉಳಿಸಿಕೊಳ್ಳಬೇಕಾದರೆ ಕಾನೂನಿನ ಆಸರೆ ಬೇಕಾಗುತ್ತದೆ.

## ಕಾಂಪೌಂಡ್ ಗೋಡೆ ಮತ್ತು ಕೋಣೆಯ ಬೀಗ

ಕೆನಡಾದ ಚಿಂತಕ ವಿಲ್ ಕಿಮ್ಲಿಕಾ ಗುಂಪಿನ ಹಕ್ಕುಗಳನ್ನು ಎರಡಾಗಿ ವಿಂಗಡಿಸಿದರು. ಹೊರಗಿನವರ ಒತ್ತಡದಿಂದ ಗುಂಪನ್ನು ಕಾಯುವುದು ಒಂದು. ಒಳಗಿನವರನ್ನು ಗುಂಪು ಹಿಡಿತದಲ್ಲಿಡುವುದು ಇನ್ನೊಂದು. ಮನೆಗೆ ಹೋಲಿಸಿದರೆ ಮೊದಲನೆಯದು ಕಾಂಪೌಂಡ್ ಗೋಡೆ, ಎರಡನೆಯದು ಒಳಗಿನವರನ್ನು ಕೂಡಿಹಾಕಿ ಕೋಣೆಗೆ ಹಾಕಿದ ಬೀಗ. ಮೊದಲನೆಯದನ್ನು ವ್ಯಕ್ತಿ ಸ್ವಾತಂತ್ರ್ಯದ ನೆಲೆಯಿಂದಲೇ ಸಮರ್ಥಿಸಬಹುದು, ಎರಡನೆಯದನ್ನು ಹಾಗೆ ಸಮರ್ಥಿಸುವುದು ಕಷ್ಟ.

ಗೋಡೆಗೆ ಒಳ್ಳೆಯ ಉದಾಹರಣೆ ಫಿನ್ಲೆಂಡಿನ ಆಲಂಡ್ ದ್ವೀಪಗಳು. ಅಲ್ಲಿನವರ ಭಾಷೆ ಸ್ವೀಡಿಷ್. ಹೊರಗಿನ ಫಿನ್ನಿಷ್ ಪ್ರಜೆ ಅಲ್ಲಿ ನಿರ್ಬಂಧವಿಲ್ಲದೆ ಆಸ್ತಿ ಕೊಳ್ಳಲು, ಪ್ರಾಂತೀಯ ಶಾಸನಸಭೆಗೆ ಮತ ಹಾಕಲು ‘ನೆಲೆಯ ಹಕ್ಕು’ ಪಡೆಯಬೇಕು. ಅದಕ್ಕೆ 5 ವರ್ಷದ ವಾಸ ಬೇಕು, ಸ್ವೀಡಿಷ್ ತಕ್ಕಮಟ್ಟಿಗೆ ಬರಬೇಕು. ಕುಲ ಯಾವುದೆಂದು ಯಾರೂ ಕೇಳುವುದಿಲ್ಲ. ಗೋಡೆ ಇದೆ, ಗೇಟೂ ಇದೆ, ಗೇಟು ತೆಗೆಯುವ ನಿಯಮ ಎಲ್ಲರಿಗೂ ಮೊದಲೇ ಗೊತ್ತು.

ಬೀಗದ ವಿಷಯಕ್ಕೆ ಬಂದರೆ ಭಾರತದ ಶಿಯಾ ಮುಸ್ಲಿಮರ ಒಂದು ಪಂಗಡವಾದ ದಾವೂದಿ ಬೊಹ್ರಾಗಳ ಪ್ರಕರಣವನ್ನು ವಿವರವಾಗಿ ನೋಡಬೇಕು. ಬಹಿಷ್ಕಾರವನ್ನು ನಿಷೇಧಿಸಿ 1949ರಲ್ಲಿ ಬಾಂಬೆ ಪ್ರಾಂತ್ಯ ಕಾನೂನು ಮಾಡಿತು. ಬಹಿಷ್ಕಾರಕ್ಕೆ ಒಳಗಾದವರು ಸಮುದಾಯದ ಮಸೀದಿಯಿಂದ, ಸ್ಮಶಾನದಿಂದ, ಒಡನಾಟದಿಂದ ದೂರವಾಗುತ್ತಿದ್ದರು. ಸಮುದಾಯದ ಧರ್ಮಗುರು ಈ ಕಾನೂನನ್ನು ಪ್ರಶ್ನಿಸಿದರು. 1962ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ 4:1ರ ಬಹುಮತದಲ್ಲಿ ಕಾನೂನನ್ನು ರದ್ದುಮಾಡಿತು. ಧಾರ್ಮಿಕ ಕಾರಣಕ್ಕೆ ಸದಸ್ಯನನ್ನು ಹೊರಹಾಕುವುದು ಪಂಗಡ ತನ್ನ ಒಗ್ಗಟ್ಟು ಕಾಯುವ ದಾರಿ, ಅದು 26ನೇ ವಿಧಿಯ ರಕ್ಷಣೆಯಲ್ಲಿದೆ ಎಂದಿತು. ಭಿನ್ನಮತ ಬರೆದವರು ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ. ಬಹಿಷ್ಕಾರ ಮನುಷ್ಯನನ್ನು ಅಸ್ಪೃಶ್ಯನ ಸ್ಥಿತಿಗೆ ತಳ್ಳುತ್ತದೆ, ಆದ್ದರಿಂದ ಈ ಕಾನೂನು ವ್ಯಕ್ತಿಯ ಘನತೆಯನ್ನು ಕಾಯುವಂಥದ್ದು ಎಂಬುದು ಅವರ ನಿಲುವು. ಮಹಾರಾಷ್ಟ್ರ 2016ರಲ್ಲಿ ಅಂಗೀಕರಿಸಿದ ಕಾನೂನು ಸಾಮಾಜಿಕ ಬಹಿಷ್ಕಾರಕ್ಕೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. 1962ರ ತೀರ್ಪು ಸರಿಯೇ ಎಂಬ ಪ್ರಶ್ನೆಯನ್ನು 2023ರ ಫೆಬ್ರವರಿಯಲ್ಲಿ 9 ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು.

ಈ ವಿಂಗಡಣೆ ಉಪಯುಕ್ತ. ಆದರೆ ಒಂದೇ ಗೋಡೆ ಬೀಗದ ಕೆಲಸವನ್ನೂ ಮಾಡುವುದುಂಟು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 16 ವರ್ಷದವರೆಗೆ ಶಾಲೆ ಕಡ್ಡಾಯವಾಗಿತ್ತು. ಯಂತ್ರನಾಗರಿಕತೆಯಿಂದ ದೂರವಿದ್ದು ಬೇಸಾಯ ಮಾಡಿಕೊಂಡಿರುವ ಆಮಿಷ್ ಪಂಥದವರು 8ನೇ ತರಗತಿಯ ನಂತರ ಮಕ್ಕಳನ್ನು ಬಿಡಿಸಿದರು. ಮೂವರು ತಂದೆಯರಿಗೆ ತಲಾ 5 ಡಾಲರ್ ದಂಡ ಬಿತ್ತು. 1972ರಲ್ಲಿ ಸುಪ್ರೀಂ ಕೋರ್ಟ್ ತಂದೆಯರ ಪರ ನಿಂತಿತು. ಸರ್ಕಾರದ ಒತ್ತಡದಿಂದ ಚಿಕ್ಕ ಪಂಥವೊಂದನ್ನು ಕಾಯ್ದ ತೀರ್ಪು ಅದು. ಆದರೆ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಎತ್ತಿದ ಪ್ರಶ್ನೆ ಇಂದಿಗೂ ಚುಚ್ಚುತ್ತದೆ: ಓದು ನಿಲ್ಲುವುದು ಮಕ್ಕಳದು, ಮೂವರಲ್ಲಿ ಒಬ್ಬಳನ್ನು ಬಿಟ್ಟರೆ ಉಳಿದವರ ಅಭಿಪ್ರಾಯವನ್ನು ನಾವು ಕೇಳಿದ್ದೇವೆಯೇ? ತಂದೆತಾಯಿಗೆ ಸಿಕ್ಕ ರಕ್ಷಣೆ, ಆ ಬದುಕು ಬೇಡವೆನ್ನುವ ಮಗುವಿಗೆ ತಡೆಯಾಗಬಹುದು.

## ‘ಬೇಡವಾದರೆ ಹೊರಗೆ ಹೋಗಲಿ’ ಎಂಬ ವಾದ

ಗುಂಪುಗಳಿಗೆ ಹೆಚ್ಚು ಸ್ವಾಯತ್ತತೆ ಬೇಕೆನ್ನುವವರ ಮುಖ್ಯ ಉತ್ತರ ಇದು. ಯಾರನ್ನೂ ಕಟ್ಟಿಹಾಕಿಲ್ಲ, ಇಷ್ಟವಿಲ್ಲದವರು ಬಿಟ್ಟುಹೋಗಬಹುದು. ಕೇಳಲು ಸರಿ ಎನ್ನಿಸುತ್ತದೆ. ಹೋಗುವವರು ತೆರಬೇಕಾದ ಬೆಲೆಯನ್ನು ಲೆಕ್ಕ ಹಾಕಿದಾಗ ಅದರ ಬಲ ಕುಗ್ಗುತ್ತದೆ.

ಆಸ್ತಿಯ ಬೆಲೆ ಮೊದಲು ಕಾಣುತ್ತದೆ. ಕೆನಡಾದ ಮ್ಯಾನಿಟೋಬಾದ ಹಟ್ಟರೈಟ್ ಪಂಥದವರಲ್ಲಿ ಆಸ್ತಿಯೆಲ್ಲ ವಸಾಹತಿನದು, ಯಾರ ಹೆಸರಿನಲ್ಲೂ ಏನೂ ಇರುವುದಿಲ್ಲ. ಬೇರೆ ಚರ್ಚಿಗೆ ಸೇರಿದ್ದಕ್ಕೆ ಹೊರಹಾಕಲ್ಪಟ್ಟ ಸದಸ್ಯರು ತಾವು ದುಡಿದ ಆಸ್ತಿಯಲ್ಲಿ ಪಾಲು ಕೇಳಿದರು. 1970ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಪಾಲು ಇಲ್ಲ ಎಂದಿತು, ಏಕೆಂದರೆ ಸೇರುವಾಗ ಅವರು ಒಪ್ಪಿದ್ದ ಕರಾರು ಅದೇ. ಹಾಗೆ ಹೊರಬಿದ್ದವನಿಗೆ ಹೊಸ ಬದುಕು ಕಟ್ಟಲು ಬಂಡವಾಳವೇ ಇಲ್ಲ.

ಎರಡನೆಯದು ಕಾನೂನಿನಲ್ಲಿ ಬೇರೆ ದಾರಿಯೇ ಇಲ್ಲದಿರುವುದು. ಲೆಬನಾನ್‌ನಲ್ಲಿ ಮಾನ್ಯತೆ ಪಡೆದ ಪಂಥಗಳು 18, ಮದುವೆ ಆಯಾ ಪಂಥದ ಕಾನೂನಿನ ಪ್ರಕಾರ ನಡೆಯುತ್ತದೆ. ದೇಶದೊಳಗೆ ನಾಗರಿಕ ವಿವಾಹಕ್ಕೆ ಸಾಮಾನ್ಯ ಕಾನೂನಿಲ್ಲದ್ದರಿಂದ ಅಂತರ್ಧರ್ಮೀಯ ಜೋಡಿಗಳು ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬರುತ್ತವೆ. ಹೊರದೇಶದ ಆ ಮದುವೆಯನ್ನು ಸರ್ಕಾರ ಮಾನ್ಯ ಮಾಡುತ್ತದೆ. ವಿಮಾನದ ಟಿಕೆಟ್ ಕೊಳ್ಳಬಲ್ಲವರಿಗೆ ಸ್ವಾತಂತ್ರ್ಯ ಇದೆ ಎಂದಂತಾಯಿತು.

ಭಾರತದಲ್ಲಿ ಈ ದಾರಿ ಹಂತಹಂತವಾಗಿ ತೆರೆದುಕೊಂಡಿತು. 1872ರ ವಿಶೇಷ ವಿವಾಹ ಕಾನೂನಿನಲ್ಲಿ ಮದುವೆಯಾಗುವವರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್, ಜೈನ ಮುಂತಾದ ಯಾವ ಧರ್ಮಕ್ಕೂ ಸೇರಿದವರಲ್ಲ ಎಂದು ಘೋಷಿಸಬೇಕಿತ್ತು. ಅಂದರೆ ಸಂಗಾತಿಯನ್ನು ಆರಿಸಿಕೊಳ್ಳಲು ಧರ್ಮವನ್ನು ಬಿಡಬೇಕು. 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ತಮ್ಮೊಳಗಿನ ಮದುವೆಗೆ ಈ ಷರತ್ತನ್ನು ಸಡಿಲಿಸಿತು. 1954ರ ವಿಶೇಷ ವಿವಾಹ ಕಾಯ್ದೆ ಷರತ್ತನ್ನು ಎಲ್ಲರಿಗೂ ತೆಗೆದುಹಾಕಿತು. ಆದರೂ ಎಡವುವ ಜಾಗಗಳು ಉಳಿದವು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಲಾಗುತ್ತದೆ. ಆಕ್ಷೇಪಣೆಗೆ ಇನ್ನೂ 30 ದಿನ. ಮನೆಯವರಿಗೆ ಹೆದರಿ ಬಂದ ಜೋಡಿಗೆ ಈ 30 ದಿನವೇ ಅಪಾಯದ ಅವಧಿ. ಜೊತೆಗೆ 19ನೇ ಸೆಕ್ಷನ್ ಪ್ರಕಾರ, ಹಿಂದೂ, ಬೌದ್ಧ, ಸಿಖ್ ಅಥವಾ ಜೈನ ಅವಿಭಕ್ತ ಕುಟುಂಬದ ಸದಸ್ಯರು ಈ ಕಾಯ್ದೆಯಡಿ ಮದುವೆಯಾದರೆ ಆ ಕುಟುಂಬದಿಂದ ಬೇರ್ಪಟ್ಟಂತೆ. ಇಬ್ಬರೂ ಈ ನಾಲ್ಕು ಧರ್ಮಗಳಿಗೆ ಸೇರಿದವರಾಗಿದ್ದರೆ ಇದು ಅನ್ವಯಿಸದು ಎಂಬ ತಿದ್ದುಪಡಿ ಬಂದದ್ದು 1976ರಲ್ಲಿ.

ಹೊರಗಿನ ಲೋಕದಲ್ಲಿ ಬದುಕಲು ಬೇಕಾದ ಓದು, ಕೆಲಸದ ಕಸುಬು, ಬೇರೆ ಬಗೆಯ ಬದುಕಿದೆ ಎಂಬ ಅರಿವು ಇಲ್ಲದಿರುವುದು ಮೂರನೆಯದು. ಆಮಿಷ್ ತೀರ್ಪಿನ ಮೇಲಿನ ವಾದ ತಣ್ಣಗಾಗದಿರಲು ಕಾರಣವೂ ಇದೇ. ಶಾಲೆ ಬಿಡಿಸಿದ ಮಗುವಿಗೆ ‘ಬೇಡವಾದರೆ ಹೊರಗೆ ಹೋಗು’ ಎನ್ನುವುದು ಪೊಳ್ಳು ಮಾತು.

ಹೋಗಲು ಮನಸ್ಸೇ ಇಲ್ಲದವರ ಪಾಡು ನಾಲ್ಕನೆಯದು. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಲವ್‌ಲೇಸ್ ಕೇಳಿದ್ದು ಗುಂಪಿನಿಂದ ಬಿಡುಗಡೆಯನ್ನಲ್ಲ, ಗುಂಪಿನೊಳಗೆ ತಮ್ಮ ಜಾಗವನ್ನು. ಮಾನವ ಹಕ್ಕುಗಳ ಸಮಿತಿ ಆಧಾರವಾಗಿ ಹಿಡಿದದ್ದೂ ತನ್ನವರ ಜೊತೆಗೂಡಿ ತನ್ನ ಸಂಸ್ಕೃತಿಯನ್ನು ಬಾಳುವ ಹಕ್ಕನ್ನು ಹೇಳುವ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 27ನೇ ವಿಧಿಯನ್ನು. ಬಹಿಷ್ಕಾರಕ್ಕೊಳಗಾದ ಬೊಹ್ರಾಗಳ ಬೇಡಿಕೆಯೂ ಹಾಗೆಯೇ. ಇಂಥವರಿಗೆ ಹೊರದಾರಿ ತೋರಿಸುವುದು ಉತ್ತರವಾಗದು. ಅವರಿಗೆ ಬೇಕಿರುವುದು ಒಳಗಿದ್ದುಕೊಂಡೇ ನಿಯಮವನ್ನು ಪ್ರಶ್ನಿಸುವ ಅವಕಾಶ.

## ಎಣಿಸುವವರು ಯಾರು, ಮಾತಾಡುವವರು ಯಾರು

ಗುಂಪಿನ ಲೆಕ್ಕದಲ್ಲಿ ಅಧಿಕಾರ ಹಂಚುವಾಗ ಮೊದಲ ಸಮಸ್ಯೆ ಯಾವ ಗುಂಪಿಗೂ ಸೇರದವರದು. ಬೋಸ್ನಿಯಾದ ಯುದ್ಧವನ್ನು ನಿಲ್ಲಿಸಿದ 1995ರ ಡೇಟನ್ ಒಪ್ಪಂದದ ಸಂವಿಧಾನದಲ್ಲಿ ಮೂವರ ಅಧ್ಯಕ್ಷ ಮಂಡಳಿ ಇದೆ: ಒಬ್ಬ ಬೋಸ್ನಿಯಾಕ್, ಒಬ್ಬ ಕ್ರೊಯೇಟ್, ಒಬ್ಬ ಸರ್ಬ್. ರೋಮಾ ಜನಾಂಗದ ದೆರ್ವೊ ಸೆಯ್ದಿಚ್ ಮತ್ತು ಯಹೂದಿ ಯಾಕೊಬ್ ಫಿಂಚಿ ಈ ಮೂರಕ್ಕೂ ಸೇರದ ಕಾರಣ ಸ್ಪರ್ಧಿಸುವಂತೆಯೇ ಇರಲಿಲ್ಲ. 2009ರ ಡಿಸೆಂಬರ್ 22ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ತಾರತಮ್ಯ ಎಂದು ತೀರ್ಪಿತ್ತಿತು. 2014ರಲ್ಲಿ ಅಜ್ರಾ ಜೋರ್ನಿಚ್ ಗೆದ್ದ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದಿನದು. ಅವರು ತಮ್ಮನ್ನು ಯಾವ ಜನಾಂಗದವರೆಂದೂ ಹೇಳಿಕೊಳ್ಳದೆ ಬರೀ ಬೋಸ್ನಿಯಾದ ಪ್ರಜೆ ಎಂದು ಕರೆದುಕೊಂಡಿದ್ದರು. ತೀರ್ಪುಗಳು ಬಂದು ವರ್ಷಗಳೇ ಕಳೆದರೂ ಸಂವಿಧಾನ ಬದಲಾಗಲಿಲ್ಲ. ಅದನ್ನು ತಿದ್ದಲು ಅದರಿಂದಲೇ ಅಧಿಕಾರಕ್ಕೆ ಬಂದ ಪಕ್ಷಗಳ ಒಪ್ಪಿಗೆ ಬೇಕು. ಯುದ್ಧ ನಿಲ್ಲಿಸಲು ಹಾಕಿದ ಪಟ್ಟಿಯೇ ಗುರುತುಗಳನ್ನು ಗಟ್ಟಿಯಾಗಿಸಿಬಿಟ್ಟಿತು.

ಲೆಬನಾನ್ ಇನ್ನೊಂದು ಬಗೆಯ ಬಿಕ್ಕಟ್ಟು. 1932ರ ಜನಗಣತಿಯ ಲೆಕ್ಕದ ಮೇಲೆ ಸಂಸತ್ತಿನಲ್ಲಿ ಕ್ರೈಸ್ತ, ಮುಸ್ಲಿಂ ಸ್ಥಾನಗಳನ್ನು 6:5ರಂತೆ ಹಂಚಲಾಗಿತ್ತು. ಅಂತರ್ಯುದ್ಧದ ಕೊನೆಯಲ್ಲಿ, 1989ರ ತಾಯಿಫ್ ಒಪ್ಪಂದದಲ್ಲಿ ಅದು ಸಮಸಮವಾಯಿತು. ಈಗ 128ರಲ್ಲಿ 64, 64. 1932ರ ನಂತರ ಅಂಥ ಅಧಿಕೃತ ಗಣತಿ ನಡೆದಿಲ್ಲ. ಎಣಿಸಿದರೆ ಹಂಚಿಕೆಯೇ ಅಲುಗಾಡುತ್ತದೆ ಎಂಬ ಭಯ.

ನ್ಯೂಜಿಲೆಂಡ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಮಾವೊರಿ ಜನರಿಗೆ 1867ರಿಂದಲೂ ಪ್ರತ್ಯೇಕ ಕ್ಷೇತ್ರಗಳಿವೆ. ಮಾವೊರಿ ಮೂಲದ ಮತದಾರ ಮಾವೊರಿ ಪಟ್ಟಿಗೆ ಸೇರಬೇಕೋ, ಸಾಮಾನ್ಯ ಪಟ್ಟಿಗೋ ಎಂಬುದನ್ನು ತಾನೇ ಆರಿಸಿಕೊಳ್ಳುತ್ತಾನೆ. 2023ರ ಮಾರ್ಚ್ 31ರಿಂದ, ಚುನಾವಣೆಗೆ ಮುಂಚಿನ ಮೂರು ತಿಂಗಳು ಬಿಟ್ಟು ಯಾವಾಗ ಬೇಕಾದರೂ ಪಟ್ಟಿ ಬದಲಿಸಬಹುದು. ಎಷ್ಟು ಜನ ಮಾವೊರಿ ಪಟ್ಟಿಯಲ್ಲಿದ್ದಾರೆ ಎಂಬುದು ಕ್ಷೇತ್ರಗಳ ಸಂಖ್ಯೆಯನ್ನು ನಿರ್ಧರಿಸುವ ಲೆಕ್ಕಕ್ಕೆ ಸೇರುತ್ತದೆ. 2002ರ ಚುನಾವಣೆಯಿಂದ ಅವು 7. ಜನ ಆ ಪಟ್ಟಿಯನ್ನು ಬಿಟ್ಟರೆ ಕ್ಷೇತ್ರಗಳು ಕಡಿಮೆಯಾಗುತ್ತವೆ, ಸೇರಿದರೆ ಹೆಚ್ಚುತ್ತವೆ. ಗುಂಪಿನ ಪ್ರಾತಿನಿಧ್ಯವೂ ಉಳಿಯುತ್ತದೆ, ಒಬ್ಬರ ಆಯ್ಕೆಯೂ ಉಳಿಯುತ್ತದೆ. ನೋಡಿದ ಏರ್ಪಾಡುಗಳಲ್ಲಿ ಇದು ಹೆಚ್ಚು ಹದವಾದದ್ದು ಎನ್ನಬೇಕು.

ಪ್ರತಿನಿಧಿ ಯಾರಿಗೆ ಉತ್ತರ ಕೊಡಬೇಕು ಎಂಬುದು ಎರಡನೆಯ ಸಮಸ್ಯೆ. ಭಾರತದಲ್ಲಿ 1932ರಲ್ಲಿ ಗಾಂಧಿ ಮತ್ತು ಅಂಬೇಡ್ಕರ್ ನಡುವೆ ವಾದ ನಡೆದದ್ದು ಇದರ ಮೇಲೆಯೇ. ಪ್ರತ್ಯೇಕ ಮತಕ್ಷೇತ್ರ ಎಂದರೆ ಅಭ್ಯರ್ಥಿಯೂ ದಲಿತ, ಅವನನ್ನು ಆರಿಸುವವರೂ ದಲಿತರೇ. ಜಂಟಿ ಮತಕ್ಷೇತ್ರ ಎಂದರೆ ಅಭ್ಯರ್ಥಿ ದಲಿತ, ಮತ ಹಾಕುವವರು ಎಲ್ಲರೂ. ಮೊದಲನೆಯದರಲ್ಲಿ ಪ್ರತಿನಿಧಿ ತನ್ನವರಿಗಷ್ಟೇ ಬದ್ಧ, ಜೊತೆಗೆ ಮತದಾರರ ನಡುವೆ ಶಾಶ್ವತ ಗೆರೆ ಬೀಳುತ್ತದೆ. ಎರಡನೆಯದರಲ್ಲಿ ಗೆರೆ ಇಲ್ಲ, ಆದರೆ ಗೆಲ್ಲಲು ಇತರರ ಮತ ಬೇಕಾದ್ದರಿಂದ ತನ್ನವರ ಕಹಿ ಪ್ರಶ್ನೆ ಎತ್ತುವವನಿಗಿಂತ ಎಲ್ಲರಿಗೂ ಹಿತವಾಗಿರುವವನು ಗೆಲ್ಲುತ್ತಾನೆ. ಪೂನಾ ಒಪ್ಪಂದ 148 ಸ್ಥಾನಗಳೊಂದಿಗೆ ಜಂಟಿ ಕ್ಷೇತ್ರವನ್ನು ಒಪ್ಪಿತು. ಈ ದೋಷಕ್ಕೆ ಮದ್ದಾಗಿ, ಮೊದಲ ಸುತ್ತಿನಲ್ಲಿ ದಲಿತ ಮತದಾರರೇ ನಾಲ್ವರನ್ನು ಆರಿಸುವುದು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲರೂ ಆರಿಸುವುದು ಎಂಬ ಏರ್ಪಾಡೂ ಅದರಲ್ಲಿತ್ತು. ಇಂದಿನ ಮೀಸಲು ಕ್ಷೇತ್ರಗಳಲ್ಲಿ ಆ ಮೊದಲ ಸುತ್ತು ಇಲ್ಲ.

ಸಮುದಾಯದ ಪರವಾಗಿ ಮಾತಾಡುವವರನ್ನು ಯಾರೂ ಆರಿಸಿರುವುದೇ ಇಲ್ಲ ಎಂಬುದು ಮೂರನೆಯದು. 1985ರಲ್ಲಿ ಭಾರತದ ಸುಪ್ರೀಂ ಕೋರ್ಟ್ ವಿಚ್ಛೇದಿತೆ ಶಾ ಬಾನೊ ಅವರಿಗೆ ತಿಂಗಳಿಗೆ 179.20 ರೂಪಾಯಿ ಜೀವನಾಂಶವನ್ನು ಎತ್ತಿಹಿಡಿಯಿತು. ಮುಸ್ಲಿಂ ಸಂಘಟನೆಗಳ ವಿರೋಧದ ಬಳಿಕ 1986ರಲ್ಲಿ ಸಂಸತ್ತು ಆ ತೀರ್ಪಿನ ಪರಿಣಾಮವನ್ನು ತಗ್ಗಿಸಲು ಹೊಸ ಕಾನೂನು ತಂದಿತು. ಆ ಸಮುದಾಯದ ಮಹಿಳೆಯರ ಬಹುಪಾಲಿಗೆ ಏನು ಬೇಕಿತ್ತು ಎಂದು ತಿಳಿಯುವ ವ್ಯವಸ್ಥೆಯೇ ಇರಲಿಲ್ಲ. 2001ರಲ್ಲಿ ಕೋರ್ಟ್ ಅದೇ ಕಾನೂನನ್ನು ಮಹಿಳೆಯ ಮುಂದಿನ ಬದುಕಿಗೂ ಸಾಕಾಗುವಷ್ಟು ನ್ಯಾಯವಾದ ಏರ್ಪಾಡು ಮಾಡಬೇಕು ಎಂಬ ಅರ್ಥದಲ್ಲಿ ಓದಿ ಎತ್ತಿಹಿಡಿಯಿತು.

## ತೂಗುವುದು ಹೇಗೆ

ನ್ಯಾಯಾಲಯಗಳು ಬಳಸುವ ಒರೆಗಲ್ಲುಗಳಲ್ಲಿ ಎರಡನ್ನು ತಿಳಿದಿದ್ದರೆ ಹೆಚ್ಚಿನ ತೀರ್ಪುಗಳು ಅರ್ಥವಾಗುತ್ತವೆ.

ಭಾರತದಲ್ಲಿ ಚಾಲ್ತಿಯಲ್ಲಿರುವುದು ‘ಅತ್ಯವಶ್ಯಕ ಧಾರ್ಮಿಕ ಆಚರಣೆ’ಯ ಒರೆಗಲ್ಲು. ಇದರ ಬೇರು ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ 1954ರ ಪ್ರಕರಣದಲ್ಲಿದೆ. ಧರ್ಮದ ಅತ್ಯವಶ್ಯಕ ಭಾಗ ಯಾವುದೆಂದು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದು ಕೋರ್ಟ್ ಅಂದು ಹೇಳಿತ್ತು. ನಂತರದ ತೀರ್ಪುಗಳಲ್ಲಿ ನ್ಯಾಯಾಧೀಶರೇ ಧರ್ಮಗ್ರಂಥ ಓದಿ ಇದು ಅವಶ್ಯಕ, ಅದು ಅಲ್ಲ ಎಂದು ತೀರ್ಮಾನಿಸತೊಡಗಿದರು. ತೊಡಕು ಎರಡು ಕಡೆ: ನಂಬಿಕೆಯ ತಿರುಳನ್ನು ಹೊರಗಿನವರು ನಿರ್ಧರಿಸಿದಂತಾಗುತ್ತದೆ, ಮತ್ತು ಆಚರಣೆ ಅವಶ್ಯಕವೆಂದಾದರೆ ಅದರಿಂದ ನೊಂದವರ ಅಳಲು ತಕ್ಕಡಿಗೆ ಬೀಳುವುದೇ ಇಲ್ಲ.

ಇನ್ನೊಂದು ಒರೆಗಲ್ಲು ಅವಶ್ಯಕತೆಯನ್ನೇ ಕೇಳುತ್ತದೆ, ಆದರೆ ಬೇರೆ ಕಡೆಯಿಂದ. ಸ್ವೀಡನ್ನಿನ ಸಾಮಿ ಜನಾಂಗದ ಇವಾನ್ ಕಿಟೊಕ್ ಮೂರು ವರ್ಷಕ್ಕಿಂತ ಹೆಚ್ಚು ಬೇರೆ ಕಸುಬಿನಲ್ಲಿದ್ದ ಕಾರಣ ಹಿಮಸಾರಂಗ ಸಾಕುವ ಹಕ್ಕು ಕಳೆದುಕೊಂಡರು. ಹುಲ್ಲುಗಾವಲು ಮಿತವಾದದ್ದು, ಸಾಕುವವರು ಹೆಚ್ಚಿದರೆ ಯಾರ ಜೀವನವೂ ನಡೆಯದು ಎಂಬುದು ನಿಯಮದ ಹಿಂದಿನ ಕಾರಣ. 1988ರಲ್ಲಿ ಮಾನವ ಹಕ್ಕುಗಳ ಸಮಿತಿ ಹೇಳಿದ್ದು: ಒಬ್ಬ ಸದಸ್ಯನ ಮೇಲಿನ ನಿರ್ಬಂಧಕ್ಕೆ ತರ್ಕಬದ್ಧವಾದ, ವಸ್ತುನಿಷ್ಠವಾದ ಕಾರಣ ಇರಬೇಕು, ಮತ್ತು ಅದು ಇಡೀ ಗುಂಪಿನ ಉಳಿವಿಗೆ, ಕ್ಷೇಮಕ್ಕೆ ಅಗತ್ಯವಾಗಿರಬೇಕು. ಕಿಟೊಕ್ ಸೋತರು, ಏಕೆಂದರೆ ಹಕ್ಕಾಗಿ ಅಲ್ಲದಿದ್ದರೂ ಮೇಯಿಸಲು, ಬೇಟೆಯಾಡಲು, ಮೀನು ಹಿಡಿಯಲು ಅವರಿಗೆ ಅವಕಾಶ ಉಳಿದಿತ್ತು. ಇದೇ ಅಳತೆಯಲ್ಲಿ ಲವ್‌ಲೇಸ್ ಪ್ರಕರಣವನ್ನು ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ: ವಿಚ್ಛೇದಿತ ಹೆಣ್ಣುಮಗಳೊಬ್ಬಳು ತವರಿಗೆ ಮರಳಿದರೆ ಬುಡಕಟ್ಟು ಅಳಿಯುತ್ತದೆ ಎಂದು ಯಾರಿಗೂ ತೋರಿಸಲು ಆಗಲಿಲ್ಲ.

ಗುಂಪಿನ ಹೆಸರಿನಲ್ಲಿ ನಿರ್ಬಂಧವೊಂದನ್ನು ಸಮರ್ಥಿಸುವ ಮಸೂದೆಯೋ ತೀರ್ಪೋ ಬಂದಾಗ ಮೊದಲು ನಿಯಮ ಮಾಡಿದವರು ಯಾರು, ನಿಯಮ ಮಾಡುವಲ್ಲಿ ಅದರ ಭಾರ ಹೊರುವವರ ಮತ ಇತ್ತೇ ಎಂದು ನೋಡಬೇಕು. ಉಳಿವಿಗೆ ಇದು ಬೇಕೆನ್ನುವವರು ಸಾಕ್ಷ್ಯ ಕೊಟ್ಟಿದ್ದಾರೆಯೇ, ಕಡಿಮೆ ನೋವಿನ ದಾರಿ ಇತ್ತೇ ಎಂಬುದು ನಂತರದ ಪ್ರಶ್ನೆ. ನಿಯಮವನ್ನು ಒಪ್ಪದ ಸದಸ್ಯನಿಗೆ ದೂರು ಕೊಡಲು ಗುಂಪಿನ ಮುಖಂಡರನ್ನು ಬಿಟ್ಟು ಬೇರೆ ಜಾಗ ಇದೆಯೇ ಎಂಬುದನ್ನೂ ಮಸೂದೆಯ ಪಠ್ಯದಲ್ಲಿ ಹುಡುಕಬೇಕು. ಸಾಮಾನ್ಯವಾಗಿ ಅದು ಮೇಲ್ಮನವಿ ಮತ್ತು ಪರಿಹಾರದ ಸೆಕ್ಷನ್‌ಗಳಲ್ಲಿ ಇರುತ್ತದೆ, ಇಲ್ಲವೇ ಎಲ್ಲೂ ಇರುವುದಿಲ್ಲ.